ಗಿಣಿಯ ಕಣ್ಣು

ದೇವಿಕೊಪ್ಪದ ಅಡವಿ ಇನ್ನೂ ಅರ್ಧಾ ಕಿಲೋಮೀಟರ್ ಇರೂಮುಂದ
ಮಕ್ತುಮನ ಟೆಂಪೋ ಉಗಿ ಬಿಟ್ಟು ನಿಂತಿತು.
ಕೊಡ ಹಿಡಕೊಂಡು ಅವ ಹಳ್ಳಕ್ಕ ಇಳದ.
ನಾ ಮೋರಿ ಕಟ್ಟಿಮ್ಯಾಲೆ ಕುಂತು ಎಲಿಗೆ ಸುಣ್ಣ ಹಚ್ಚಿದೆ.

ರೋಹಿಣಿ ಮಳಿ ಎರಡು ದಿನದ ಹಿಂದ ಹೊಡದಿತ್ತು.
ಬ್ಯಾಸಗಿತನಾ ಬೋಳಾಗಿ ನಿಂತಿದ್ದ ಸಾಗವಾನಿಗೆ
ಈಗ ಅಂಗೈಯಷ್ಟು ಚಿಗುರು,
ತಿಕ್ಕಿದರ ಬೆರಳಿಗೆ ರಗತದಂಥಾ ಕೆಂಪು.
ನಲವತ್ತು ವರ್ಷ ಅರಗು ಕಾಸೀನಿ,
ಈ ಕೆಂಪು ಮಾತ್ರ ನನಗ ಒಲದಿಲ್ಲ.

ಎದುರಿನ ಮೈಲಿಗಲ್ಲಿನ ಮ್ಯಾಲೆ,
ಕಲಘಟಗಿ ಅಂತ ಬರದಲ್ಲೆ,
ಘಕಾರದ ಹೊಟ್ಟಿಗೆ ಆತುಕೊಂಡು ಕುಂತಿತ್ತು ಅದು.
ಹೆಬ್ಬೆರಳಿಗಿಂತ ಉದ್ದ.
ಹಳೇ ಉಳಿಯ ಹಿಡಿಕಿ ಬಣ್ಣ,
ಮ್ಯಾಲೆ ಯಾರೋ ಬೂದಿ ಕೈ ಒರಸಿದಂಗ.
ಮೀಸಿ ಅಂದರ ಮೀಸಿ!
ಮೈಗಿಂತ ಒಂದೂವರಿ ಪಟ್ಟು,
ಗೆಣ್ಣು ಗೆಣ್ಣಾಗಿ ಹಿಂದಕ್ಕ ಬಾಗಿ.
ತೊಟ್ಲದ ಕಮಾನಿಗೆ ಆ ಬಾಗು ತರಾಕ
ನನ್ನಪ್ಪ ಸಾಯೂತನಾ ಬೈದಿದ್ದ ನನಗ.

ಕಿಸೇದಾಗ ಟೇಪು ಇತ್ತು, ತಗೀಲಿಲ್ಲ.
ಎರಡು ಬೆರಳಲೆ ಹಿಡದೆ.
ಒದರಿತು.
ಹುಳ ಒದರತಾವಂತ ಈ ವಯಸ್ಸಿನಾಗ ತಿಳೀತು.
ಕುತ್ತಿಗಿ ಮ್ಯಾಲ ಕೆಳಗ ಆಡಿಸಿ
ಕಿರ್ರ್, ಕಿರ್ರ್,
ಎಣ್ಣಿ ಕಾಣದ ಕೊಂಡಿಯಂಗ.

ನಾ ಕೇಳಿದ್ದ ಸಪ್ಪಳ ಇದಲ್ಲ,
ಇದರ ತಂಗಿ.
ಅಣ್ಣಿಗೇರಿ ಫಕೀರವ್ವ ಮೊಮ್ಮಗಳಿಗಂತ ಒಯ್ದಿದ್ದಳು ತೊಟ್ಲಾ.
ತಿಂಗಳದಾಗ ಫೋನು:
ಚಿತ್ರಗಾರ, ಮ್ಯಾಲಿನ ದಾಂಡ್ಯಾಗ ಏನೋ ಕಡಿತೈತಿ,
ರಾತ್ರಿಯೆಲ್ಲಾ ಕರಕರ,
ಮುಂಜಾನೆ ನೋಡಿದರ ಕೂಸಿನ ಹಣಿಮ್ಯಾಲೆ ಹಿಟ್ಟು.
ಇಲಿ ಇರಬೇಕ್ರೀ ಯವ್ವಾ, ಅಂದೆ.
ಸುಳ್ಳು.
ಅರಗು ಹಚ್ಚೂಮುಂದ ಆ ಕಟಗಿ ಒಂದು ಕಡೆ
ಟೊಳ್ಳು ದನಿ ಕೊಟ್ಟಿತ್ತು.
ಹೆಸರಿಡೂದು ಐದು ದಿನ ಉಳದಿತ್ತು, ಮುಂಗಡ ಖರ್ಚಾಗಿತ್ತು.

ಬ್ಯಾರೇದು ಕೊಟ್ಟು, ಅದನ್ನ ತಿರುಗಿ ತಂದೆ.
ವರ್ಷ ಮೂಲ್ಯಾಗ ಬಿದ್ದಿತ್ತು.
ಮುಂದಿನ ಮಳಿಗಾಲ, ಒಂದು ಮುಂಜಾನೆ,
ದಾಂಡಿಗೆ ಕಿರಿಬೆರಳು ಹೋಗೂವಷ್ಟು ತೂತು.
ಕೊರದಾವ ಇಲ್ಲ.
ತೂತಿಗೆ ಅರಗು ಮೆತ್ತಿ, ಸುತ್ತ ಹಸರು ಗಿಣಿ ಬರದೆ,
ತೂತೇ ಅದರ ಕಣ್ಣು.
ಹಾವೇರಿಯವರೊಬ್ಬರು ಆ ಕಣ್ಣಿಗೇ ಮೆಚ್ಚಿ
ಐದುನೂರು ಹೆಚ್ಚು ಕೊಟ್ಟು ಒಯ್ದರು.

ಫಕೀರವ್ವಂದು ಇನ್ನೊಂದು ಫೋನೂ ಬಂದಿತ್ತು:
ಹೊಸಾ ತೊಟ್ಲಾ ಚಲೋ ಐತೋ,
ಕೂಸು ಮಲಗವಲ್ಲದು.
ಆ ಕರಕರ ರೂಢಿ ಆಗಿತ್ತ ಕಾಣ್ತೈತಿ.
ನಾ ಕುಂತು ಉಗುರಲೆ ಕಟಗಿ ಕೆರೀತೀನಿ,
ಆಗ ಕಣ್ಣು ಮುಚ್ಚತೈತಿ.
ನಕ್ಕು ಇಟ್ಟುಬಿಟ್ಟಿದ್ದೆ ಫೋನು.

ನೀರು ತಂದ ಮಕ್ತುಮ ನೋಡಿ ಅಂದ:
ಹೊಸಕಿ ಹಾಕ್ರಿ ಮಾವ, ಕಟಗಿ ತಿನ್ನೂ ಜಾತಿ.
ನಾ ಏನು ತಿಂತೀನೋ ಮತ್ತ?
ಅವ ಬಾನೆಟ್ ಎತ್ತಿದ, ಮಾತಾಡಲಿಲ್ಲ.

ಸಾಗವಾನಿ ಬೊಡ್ಡಿಗೆ ಬಿಟ್ಟೆ.
ನಾಕು ಹೆಜ್ಜಿ ಹತ್ತಿ, ಬೆನ್ನ ಬಾಗಲಾ ತೆರದು,
ಮೀಸಿ ಎರಡೂ ಮುಂದ ಚಾಚಿ,
ಹೇರು ತುಂಬಿದ ಗಾಡಿ ಏರು ಹತ್ತಿದಂಗ
ಮೈ ಹೊತ್ತುಕೊಂಡು ಹಾರಿತು.
ಅಡವಿ ಕಡೆ ಅಂತೇನಿಲ್ಲ, ಸುಮ್ಮನ ಅತ್ತಾಗ.

ಡಿಪೋದಾಗ ದಿಮ್ಮಿಗೊಮ್ಮೆ ಕಿವಿ ಇಟ್ಟೆ.
ಏನ್ರೀ, ಬಸರಿ ಹೊಟ್ಟಿ ನೋಡಿದಂಗ ನೋಡ್ತೀರಿ,
ಅಂತ ಕ್ಲಾರ್ಕ್ ನಕ್ಕ.
ಹನ್ನೊಂದನೇದರಾಗ ಕೇಳಿತು,
ಅಥವಾ ನನ್ನ ಕಿವಿಯ ನಾಡಿನೇ ಇರಬೇಕು.
ಅದಕ್ಕೂ ರೊಕ್ಕ ಎಣಿಸಿದೆ.

ಈಗ ಅಂಗಳದಾಗ ಐತಿ, ಉಳಿ ತಾಕಿಸಿಲ್ಲ.
ರಾತ್ರಿ ಒಮ್ಮೊಮ್ಮೆ ಉಗುರಲೆ ಕೆರದು ಸುಮ್ಮನ ಕುಂಡರತೀನಿ.
ದುಡ್ಡು ಕೊಟ್ಟ ದಿಮ್ಮಿ ಯಾಕ ಹಿಂಗ ಬಿದ್ದೈತಿ, ಅಂತಾಳ ಮಗಳು,
ಅದರ ಮ್ಯಾಲೆ ಸಂಡಿಗಿ ಹಾಕಿ ಒಣಗಸ್ತಾಳ.